‘ಈಗ ಈಜಿಪ್ಟ್ ಸೇಫಾ?’ ಅಂತ ಕೇಳುವವರಿಗೆ

ದಸರಾ ಮುಗಿದ ಕೂಡಲೇ ನನಗೆ ಫೋನ್ ಬರಲು ಶುರುವಾಗುತ್ತದೆ. ಚಳಿಗಾಲದಲ್ಲಿ ಕನ್ನಡದವರ ಗುಂಪುಗಳನ್ನು ಈಜಿಪ್ಟಿಗೆ ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಹೊರಡುವವರು ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನಲ್ಲಿ ದುಡಿದು ಮುಗಿಸಿದವರು, ಮಕ್ಕಳು ದೂರದೇಶದಲ್ಲಿರುವ ಅಪ್ಪ ಅಮ್ಮಂದಿರು. ಮೈಸೂರು, ದಾವಣಗೆರೆ, ಹುಬ್ಬಳ್ಳಿ ಕಡೆಯವರು ಜಾಸ್ತಿ. ವೀಸಾ, ಊಟ, ಖರ್ಚು ಎಲ್ಲ ಆಮೇಲೆ. ಮೊದಲು ಕೇಳುವುದು ಒಂದೇ. ‘ಮೇಡಂ, ಈಗ ಈಜಿಪ್ಟ್ ಸೇಫಾ?’

ಕೇಳಬೇಕಾದ ಪ್ರಶ್ನೆಯೇ. ಯಾರೂ ಜೀವ ಪಣಕ್ಕಿಟ್ಟು ಪಿರಮಿಡ್ ನೋಡಬೇಕಿಲ್ಲ. ಆದರೆ ಮೈಸೂರಿನಲ್ಲಿ ಒಬ್ಬರು ಕೇಳುವ ಇದೇ ಪ್ರಶ್ನೆಯನ್ನು ಬರ್ಲಿನ್, ಮಾಸ್ಕೋ, ಮ್ಯಾಂಚೆಸ್ಟರ್‌ಗಳಲ್ಲಿ ಲಕ್ಷಗಟ್ಟಲೆ ಜನ ಕೇಳುತ್ತಾರೆ. ಅವರೆಲ್ಲ ‘ಈ ವರ್ಷ ಬೇಡ ಬಿಡಿ’ ಅಂದುಬಿಟ್ಟರೆ ನೈಲ್ ದಂಡೆಯ ಹಳೆಯ ದೇವಾಲಯಗಳ ಊರು ಲಕ್ಸರ್‌ನಲ್ಲಿ ಮನೆ ಮನೆಗೂ ಅದರ ಏಟು ಬೀಳುತ್ತದೆ. ಒಂದು ದೇಶದ ಸಂಪಾದನೆ ಹೀಗೆ ದೂರದ ಊರಿನವರ ಧೈರ್ಯದ ಮೇಲೆ ನಿಂತಿರುವುದನ್ನು ನಾನು ವರ್ಷಗಳಿಂದ ಹತ್ತಿರದಿಂದ ನೋಡುತ್ತಿದ್ದೇನೆ. ಬರೆಯಲೇಬೇಕು ಅನ್ನಿಸಿತು.

ಮೊದಲು ಒಂದಿಷ್ಟು ಲೆಕ್ಕ ಹೇಳುತ್ತೇನೆ. 2010ರಲ್ಲಿ ಈಜಿಪ್ಟಿಗೆ 1 ಕೋಟಿ 47 ಲಕ್ಷ ಪ್ರವಾಸಿಗರು ಬಂದಿದ್ದರು. ಆಗಿನ ಮಟ್ಟಿಗೆ ಅದು ದಾಖಲೆ. 2011ರ ಜನವರಿಯಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಜನ ಸೇರಿದರು, ಅಧ್ಯಕ್ಷ ಹೊಸ್ನಿ ಮುಬಾರಕ್ ಅಧಿಕಾರ ಬಿಟ್ಟರು. ಆ ವರ್ಷ ಬಂದವರು ಒಂದು ಕೋಟಿಗಿಂತ ಕಡಿಮೆ. 2013ರಲ್ಲಿ ಮತ್ತೆ ಗಲಾಟೆ, ಮತ್ತೆ ಇಳಿತ. 2015ರ ಅಕ್ಟೋಬರ್ 31ರಂದು ಕೆಂಪು ಸಮುದ್ರದಂಡೆಯ ಶರ್ಮ್ ಅಲ್ ಶೇಖ್‌ನಿಂದ ಹೊರಟ ರಷ್ಯದ ವಿಮಾನ ಸಿನಾಯಿ ಮೇಲೆ ಹಾರುತ್ತಿದ್ದಾಗ ಒಡೆದು ಬಿತ್ತು. 224 ಜನ ಸತ್ತರು. ರಷ್ಯ ಈಜಿಪ್ಟಿಗೆ ವಿಮಾನ ನಿಲ್ಲಿಸಿತು. ಬ್ರಿಟನ್ ಶರ್ಮ್‌ಗೆ ಮಾತ್ರ ನಿಲ್ಲಿಸಿತು. 2016ರಲ್ಲಿ ಬಂದವರು ಸುಮಾರು 54 ಲಕ್ಷ. ಆರು ವರ್ಷದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಜನ ಕಡಿಮೆಯಾದರು.

ನಿಂತದ್ದು ಒಂದೇ ದಿನದಲ್ಲಿ. ಮತ್ತೆ ಶುರುವಾಗಲು ಎಷ್ಟು ಕಾಲ ಹಿಡಿಯಿತು ನೋಡಿ. ಮಾಸ್ಕೋದಿಂದ ಕೈರೋಗೆ ವಿಮಾನ ಮತ್ತೆ ಬಂದದ್ದು 2018ರ ಏಪ್ರಿಲ್‌ನಲ್ಲಿ. ಬ್ರಿಟನ್ ಶರ್ಮ್‌ಗೆ ಒಪ್ಪಿಗೆ ಕೊಟ್ಟದ್ದು 2019ರ ಅಕ್ಟೋಬರ್‌ನಲ್ಲಿ. ರಷ್ಯದ ವಿಮಾನಗಳು ನೇರವಾಗಿ ಕೆಂಪು ಸಮುದ್ರದ ಊರುಗಳಿಗೆ ಇಳಿದದ್ದು 2021ರ ಆಗಸ್ಟ್‌ನಲ್ಲಿ. ಆರು ವರ್ಷ ಅಂದರೆ ಒಬ್ಬ ಹೋಟೆಲ್ ಹುಡುಗ ಕೆಲಸ ಬಿಟ್ಟು, ಊರಿಗೆ ಹೋಗಿ, ಮದುವೆಯಾಗಿ, ಬೇರೇನೋ ಕಲಿತು, ಇನ್ನು ವಾಪಸ್ ಬರುವುದೇ ಇಲ್ಲ ಅನ್ನುವಷ್ಟು ಕಾಲ.

2019ಕ್ಕೆ ಸಂಖ್ಯೆ 1 ಕೋಟಿ 30 ಲಕ್ಷಕ್ಕೆ ಏರಿತ್ತು. ಅಷ್ಟರಲ್ಲಿ ಕೋವಿಡ್ ಬಂತು. 2020ರಲ್ಲಿ 40 ಲಕ್ಷವನ್ನೂ ಮುಟ್ಟಲಿಲ್ಲ. 2023ರಲ್ಲಿ 1 ಕೋಟಿ 49 ಲಕ್ಷ ಆಗಿ ಹಳೆಯ ದಾಖಲೆ ಮುರಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಕ್ಕದ ಗಾಜಾದಲ್ಲಿ ಯುದ್ಧ ಶುರುವಾಯಿತು. ನನ್ನ ಗುಂಪಿನಲ್ಲೂ ಕೆಲವರು ಹಿಂದೆ ಸರಿದರು. ಇನ್ನು ಮೂರ್ನಾಲ್ಕು ವರ್ಷ ಈ ಕಡೆ ನೋಡುವ ಹಾಗಿಲ್ಲ ಅಂತ ಅಲ್ಲಿನ ಬಸ್ ಡ್ರೈವರುಗಳೇ ಹೇಳುತ್ತಿದ್ದರು. ಆದರೆ ಹಾಗಾಗಲಿಲ್ಲ. 2024ರಲ್ಲಿ ಸುಮಾರು 1 ಕೋಟಿ 57 ಲಕ್ಷ ಜನ ಬಂದರು. 2025ರಲ್ಲಿ ಸುಮಾರು 1 ಕೋಟಿ 90 ಲಕ್ಷ.

ಇದು ಹೊಸ ವಿಷಯ. ಮೊದಲೆಲ್ಲ ಒಂದು ಕೆಟ್ಟ ಸುದ್ದಿ ಬಂದರೆ ಸಾಕಿತ್ತು, ಇಡೀ ದೇಶ ಖಾಲಿ. ಈ ಸಲ ಗಡಿಯಾಚೆ ಯುದ್ಧ ನಡೆದರೂ ಸಂಖ್ಯೆ ಏರಿತು. ನನಗೆ ಕಾಣುವ ಕಾರಣ ಮೂರು. ಒಂದು, ಅಲ್ಲಿನ ಪೌಂಡ್ ಬೆಲೆ ಬಿದ್ದು ಪ್ರವಾಸ ಅಗ್ಗವಾಗಿದೆ. ಎರಡು, 2022ರ ಯುಕ್ರೇನ್ ಯುದ್ಧದ ನಂತರ ರಷ್ಯದವರಿಗೆ ಯುರೋಪಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ, ಅವರು ಕೆಂಪು ಸಮುದ್ರಕ್ಕೆ ಬರುತ್ತಾರೆ. ಪೋಲೆಂಡ್, ಜೆಕ್ ಕಡೆಯವರೂ ಬರುತ್ತಿದ್ದಾರೆ, ಸೌದಿಯವರೂ ಬರುತ್ತಿದ್ದಾರೆ. ಜರ್ಮನಿ, ಬ್ರಿಟನ್, ಇಟಲಿಯವರು ಮೊದಲಿನಿಂದಲೂ ಇದ್ದಾರೆ. ಮೂರನೆಯದು, ಜನ ಈಗ ಮ್ಯಾಪ್ ತೆರೆದು ನೋಡುತ್ತಾರೆ. ಗಾಜಾ ಗಡಿಯಿಂದ ಲಕ್ಸರ್ ಎಷ್ಟು ದೂರ ಅಂತ ಅವರಿಗೇ ಗೊತ್ತಾಗುತ್ತದೆ. ನನಗೂ ಈಗ ಫೋನಿನಲ್ಲಿ ಹೆಚ್ಚು ವಿವರಿಸಬೇಕಾಗಿಲ್ಲ. ಸಿನಾಯಿಯ ಪೂರ್ವ ದಂಡೆಯ ನುವೈಬಾ, ತಾಬಾ ಮಾತ್ರ ಪೆಟ್ಟು ತಿಂದವು. ಅಲ್ಲಿನ ಸಮುದ್ರದಂಡೆಯ ಬಿದಿರಿನ ಗುಡಿಸಲುಗಳಿಗೆ ಬರುತ್ತಿದ್ದವರಲ್ಲಿ ಇಸ್ರೇಲಿನವರೇ ಬಹಳ. ಅವರು ಬರುವುದು ನಿಂತಿತು, ಆ ದಂಡೆಯ ವ್ಯಾಪಾರವೂ ನಿಂತಿತು.

ಆದರೆ ‘ಸೇಫಾ’ ಅನ್ನುವ ಪ್ರಶ್ನೆಯ ಹಿಂದೆ ನಿಜವಾದ ರಕ್ತವೂ ಇದೆ. 1997ರ ನವೆಂಬರ್ 17ರಂದು ಲಕ್ಸರ್‌ನ ಪಶ್ಚಿಮ ದಂಡೆಯಲ್ಲಿ, ಹಾಟ್ಶೆಪ್ಸುಟ್ ರಾಣಿಯ ದೇವಾಲಯದ ಅಂಗಳದಲ್ಲಿ ಬಂದೂಕು ಹಿಡಿದವರು 62 ಜನರನ್ನು ಕೊಂದರು. ಹೆಚ್ಚಿನವರು ಸ್ವಿಟ್ಜರ್ಲೆಂಡ್, ಜಪಾನಿನವರು. ನಾಲ್ವರು ಈಜಿಪ್ಟಿನವರೇ. ಅದನ್ನು ಮಾಡಿದವರಿಗೆ ಊರಿನ ಜನರಿಂದ ಸಿಕ್ಕಿದ್ದು ಬರೀ ಶಾಪ. ಆವತ್ತಿನ ಮಾತು ತೆಗೆದರೆ ಲಕ್ಸರ್‌ನ ಹಳಬರು ಇವತ್ತಿಗೂ ಸತ್ತವರನ್ನು ‘ನಮ್ಮ ಅತಿಥಿಗಳು’ ಅಂತಲೇ ಕರೆಯುತ್ತಾರೆ. ಆಮೇಲೆ ಪ್ರವಾಸಿ ಪೊಲೀಸರು, ಚೆಕ್‌ಪೋಸ್ಟುಗಳು, ಸಾಲು ಬಸ್ಸುಗಳ ಕಾವಲು, ಎಲ್ಲ ಬಂದವು. ಅಸ್ವಾನ್‌ನಿಂದ ಅಬು ಸಿಂಬಲ್‌ಗೆ ಹೋಗುವ ಸುಮಾರು 280 ಕಿಲೋಮೀಟರ್ ಮರಳುಗಾಡಿನ ರಸ್ತೆಗೆ ಬೆಳಗಿನ ಜಾವ ಕತ್ತಲಲ್ಲೇ ಹೊರಡುವ ಪದ್ಧತಿ ಆಗಿನಿಂದ ಉಳಿದುಕೊಂಡದ್ದು. ಬೇಸಿಗೆಯಲ್ಲಿ ಅದು ಬಿಸಿಲಿಗೂ ಒಳ್ಳೆಯದೇ.

ಜನ ಬರದಿದ್ದರೆ ಏನಾಗುತ್ತದೆ ಅನ್ನುವುದು ಗೊತ್ತಾಗಬೇಕಾದರೆ ಎಡ್ಫುವಿನ ಕುದುರೆಗಳನ್ನು ನೋಡಬೇಕು. ಲಕ್ಸರ್‌ನಿಂದ ಅಸ್ವಾನ್‌ಗೆ ಹೋಗುವ, ಪ್ರವಾಸಿಗರು ಉಳಿದುಕೊಳ್ಳುವ ದೊಡ್ಡ ನೈಲ್ ದೋಣಿಗಳೆಲ್ಲ ಎಡ್ಫುವಿನಲ್ಲಿ ನಿಲ್ಲುತ್ತವೆ. ಅಲ್ಲಿ ಹೋರಸ್ ದೇವಾಲಯಕ್ಕೆ ಹೋಗಲು ಕುದುರೆ ಗಾಡಿ. 2011ರ ನಂತರ ದೋಣಿಗಳು ಬರುವುದು ನಿಂತಾಗ ಗಾಡಿಯವರಿಗೆ ಮೇವು ತರಲು ದುಡ್ಡಿರಲಿಲ್ಲ. ತಮಗೇ ಊಟವಿಲ್ಲದಾಗ ಕುದುರೆಗೆ ಎಲ್ಲಿಂದ? ಗೀಜಾದ ಪಿರಮಿಡ್ ಬಳಿಯೂ ಅದೇ ಪಾಡು, ಲಕ್ಸರ್‌ನಲ್ಲೂ ಅದೇ. ಬ್ರೂಕ್ ಎಂಬ ಪ್ರಾಣಿ ಸೇವಾ ಸಂಸ್ಥೆ ಆಗ ಕುದುರೆಗಳಿಗೆ ಮೇವು ಹಂಚಿತು. 1934ರಲ್ಲಿ ಡೊರತಿ ಬ್ರೂಕ್ ಎಂಬ ಹೆಂಗಸು ಕೈರೋದಲ್ಲಿ ಶುರು ಮಾಡಿದ ಸಂಸ್ಥೆ ಅದು. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆ ಅಲ್ಲೇ ಮಾರಿ ಹೋದ ಕುದುರೆಗಳು ಮುದಿಯಾಗಿ ದುಡಿಯುತ್ತಿದ್ದುದನ್ನು ನೋಡಲಾಗದೆ ಶುರು ಮಾಡಿದರು. ನನ್ನ ಗುಂಪಿನವರಲ್ಲಿ ಕೆಲವರು ಗಾಡಿ ಹತ್ತುವುದಿಲ್ಲ, ಕುದುರೆಗೆ ಹಿಂಸೆ ಅನ್ನುತ್ತಾರೆ. ಅವರ ಮಾತಿಗೆ ಬೆಲೆ ಇದೆ. ಬಡಕಲು ಕುದುರೆಯ ಗಾಡಿಯನ್ನು ನಾನೂ ವಾಪಸ್ ಕಳಿಸುತ್ತೇನೆ. ಚೆನ್ನಾಗಿ ಸಾಕಿದ ಕುದುರೆಯ ಗಾಡಿಯವನಿಗೆ ಮಾತ್ರ ದುಡ್ಡು ಕೊಡಿ ಅನ್ನುತ್ತೇನೆ. ಯಾರೂ ಹತ್ತದ ಗಾಡಿಯ ಕುದುರೆ ಸುಖವಾಗಿರುವುದಿಲ್ಲ. ಅದನ್ನು 2011 ತೋರಿಸಿಕೊಟ್ಟಿದೆ.

ಎಡ್ಫುವಿಗೂ ಮೊದಲು ಎಸ್ನಾ ಸಿಗುತ್ತದೆ. ಅಲ್ಲಿ ನದಿಗೆ ಅಡ್ಡಲಾಗಿ ಕಟ್ಟೆ, ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸಲು ಲಾಕ್. ಒಂದೊಂದು ಸಲಕ್ಕೆ ಎರಡೇ ದೋಣಿ ಒಳಗೆ ಹೋಗುವ ಜಾಗ. ಹಾಗಾಗಿ ಸರದಿ. ಕಾಯುತ್ತಾ ನಿಂತ ದೊಡ್ಡ ದೋಣಿಗಳ ಪಕ್ಕಕ್ಕೆ ಸಣ್ಣ ತೆಪ್ಪದಂಥ ದೋಣಿಗಳಲ್ಲಿ ವ್ಯಾಪಾರಿಗಳು ಬರುತ್ತಾರೆ. ಒಬ್ಬ ಹುಟ್ಟು ಹಾಕುತ್ತಾನೆ. ಇನ್ನೊಬ್ಬ ನಿಂತುಕೊಂಡು ಗಲಬೀಯಾ ಅನ್ನುವ ಉದ್ದ ನಿಲುವಂಗಿ, ಟವೆಲ್, ಮೇಜಿನ ಬಟ್ಟೆ ಎಲ್ಲ ಎತ್ತಿ ತೋರಿಸುತ್ತಾನೆ. ಮೇಲೆ ನಾಲ್ಕನೇ ಮಹಡಿಯ ಡೆಕ್ಕಿನಿಂದ ಯಾರೋ ‘ನೀಲಿ ಬಣ್ಣದ್ದು ಇದೆಯಾ’ ಅಂತ ಕೇಳುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಟ್ಟೆ ಹಾರಿ ಬಂದು ಡೆಕ್ಕಿನ ಮೇಲೆ ಬೀಳುತ್ತದೆ. ಬೇಕಿದ್ದರೆ ಅದೇ ಚೀಲದಲ್ಲಿ ದುಡ್ಡು ಹಾಕಿ ಕೆಳಗೆ ಎಸೆಯಬೇಕು. ಬೇಡವಾದರೆ ಬಟ್ಟೆಯನ್ನೇ ವಾಪಸ್ ಎಸೆಯಬೇಕು. ಅಂಗಡಿ ಇಲ್ಲ, ಬಿಲ್ ಇಲ್ಲ. ಮೇಲಿನವರು ಬಟ್ಟೆ ಇಟ್ಟುಕೊಂಡು ಒಳಗೆ ಹೋದರೆ ಕೆಳಗಿನವನು ಏನೂ ಮಾಡುವ ಹಾಗಿಲ್ಲ. ಆದರೂ ಎಸೆಯುತ್ತಾನೆ. ನಮ್ಮ ಹುಬ್ಬಳ್ಳಿಯ ಬಟ್ಟೆ ಅಂಗಡಿ ಯಜಮಾನರೊಬ್ಬರು ಒಮ್ಮೆ ಇಡೀ ಮಧ್ಯಾಹ್ನ ಅಲ್ಲೇ ನಿಂತು ನೋಡಿದರು. ಊಟಕ್ಕೆ ಕರೆದರೂ ಬರಲಿಲ್ಲ. ಕೊನೆಗೆ ಮೊಮ್ಮಕ್ಕಳಿಗೆ ಅಂತ ನಾಲ್ಕು ಗಲಬೀಯಾ ತೆಗೆದುಕೊಂಡರು, ಚೌಕಾಸಿ ಮಾಡದೆ.

ಪ್ರವಾಸೋದ್ಯಮ ಅಂದರೆ ಹೋಟೆಲ್, ವಿಮಾನ ಅಂತ ನಾವು ಅಂದುಕೊಳ್ಳುತ್ತೇವೆ. ನೈಲ್ ಮೇಲೆ ಹಾಗಲ್ಲ. ಒಂದು ದೋಣಿಯಲ್ಲಿ ಅಡುಗೆಯವರು, ಬಟ್ಟೆ ಒಗೆಯುವವರು, ಎಂಜಿನ್ ನೋಡುವವನು, ನೀರಿನ ಆಳ ಕಣ್ಣಲ್ಲೇ ಅಳೆದು ದೋಣಿ ನಡೆಸುವ ರಯೀಸ್, ಟವೆಲ್ ಮಡಿಸಿ ಮೊಸಳೆ, ಆನೆ ಮಾಡಿ ಮಂಚದ ಮೇಲೆ ಇಟ್ಟು ಹೋಗುವ ಹುಡುಗ, ಎಲ್ಲ ಇರುತ್ತಾರೆ. ಅವರ ಊರು ಎಸ್ನಾ, ಕೆನಾ, ಸೋಹಾಗ್. ತರಕಾರಿ ಬರುವುದು ದಂಡೆಯ ಸಂತೆಯಿಂದ. ಇಳಿದರೆ ಗಾಡಿಯವನು, ಅಲಬಾಸ್ಟರ್ ಕಲ್ಲು ಕೊರೆಯುವವನು, ಚಹಾ ಅಂಗಡಿ, ಫೆಲುಕ್ಕಾ ಅನ್ನುವ ಹಾಯಿದೋಣಿಯವನು. ದುಡ್ಡು ಒಂದೇ ದಿನದಲ್ಲಿ ಎಷ್ಟು ಕೈ ದಾಟುತ್ತದೆ! ದೇಶದಲ್ಲಿ ಸುಮಾರು ಹತ್ತರಲ್ಲಿ ಒಂದು ಕೆಲಸ ಪ್ರವಾಸಿಗರನ್ನು ನಂಬಿಕೊಂಡಿದೆ ಅನ್ನುತ್ತಾರೆ. ಲಕ್ಸರ್‌ನಲ್ಲಂತೂ ನಂಬಿಕೊಳ್ಳದ ಮನೆಯನ್ನು ಹುಡುಕಬೇಕು.

ಕೆಂಪು ಸಮುದ್ರದ ಕಥೆ ಬೇರೆ. ಹುರ್ಘಾದಾ, ಶರ್ಮ್, ಮರ್ಸಾ ಆಲಂ. ಈಗ ಹೆಚ್ಚು ಜನ ಹೋಗುವುದು ಅಲ್ಲಿಗೇ. ಪ್ಯಾಕೇಜ್ ಮಾರುವುದು ಯುರೋಪಿನಲ್ಲಿ, ವಿಮಾನ ಅವರದ್ದೇ, ದುಡ್ಡಿನ ದೊಡ್ಡ ಪಾಲು ಅಲ್ಲೇ ಉಳಿಯುತ್ತದೆ. ಕೈಗೆ ಪಟ್ಟಿ ಕಟ್ಟಿದರೆ ಊಟ, ಕುಡಿಯುವುದು, ಈಜುಕೊಳ ಎಲ್ಲ ಒಳಗೇ. ಪ್ರವಾಸಿಗ ಗೇಟು ದಾಟುವುದೇ ಇಲ್ಲ. ಹೊರಗಿನ ಅಂಗಡಿಯವನು ಕಾಯುತ್ತಾ ಕೂರುತ್ತಾನೆ. ಇಲ್ಲಿ ಕೆಲಸ ಮಾಡುವ ಹುಡುಗರೂ ಸೋಹಾಗ್, ಕೆನಾದಿಂದಲೇ ಬಂದವರು. ಹೋಟೆಲಿನ ಹಿಂದಿನ ಕೋಣೆಗಳಲ್ಲಿ ಮಲಗಿ, ವಾರಗಟ್ಟಲೆ ದುಡಿದು, ರಜೆ ಸಿಕ್ಕಾಗ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುತ್ತಾರೆ. ಕೆಲಸ ಸಿಗುತ್ತದೆ, ಅದು ಸಣ್ಣದಲ್ಲ. ಸಮುದ್ರದಂಡೆ ಇಲ್ಲದೆ ಇವತ್ತಿನ ಸಂಖ್ಯೆಯೂ ಇಲ್ಲ. ಆದರೆ ‘1 ಕೋಟಿ 90 ಲಕ್ಷ’ ಅಂದಾಗ ಆ ತಲೆಗಳಲ್ಲಿ ಎಷ್ಟು ಎಸ್ನಾದ ದೋಣಿಯವನ ಹತ್ತಿರ ಬಂದವು ಅಂತ ಕೇಳಬೇಕು, ಅಲ್ವಾ?

ಇತ್ತೀಚೆಗೆ ಜಾಸ್ತಿಯಾಗಿರುವುದು ಒಂದು ದಿನದ ಪ್ರವಾಸ. ಹುರ್ಘಾದಾದಿಂದ ಬೆಳಗಿನ ಜಾವ ಬಸ್ ಹತ್ತಿ, ನಾಲ್ಕು ಗಂಟೆ ಮರಳುಗಾಡು ದಾಟಿ ಲಕ್ಸರ್‌ಗೆ ಬರುತ್ತಾರೆ. ಕರ್ನಾಕ್ ದೇವಾಲಯ, ಗೋರಿಗಳಿರುವ ರಾಜರ ಕಣಿವೆ, ಒಂದು ಊಟ, ಒಂದು ಅಂಗಡಿ, ಸಂಜೆ ವಾಪಸ್. ಟಿಕೆಟ್ ದುಡ್ಡು ಸರ್ಕಾರಕ್ಕೆ ಹೋಗುತ್ತದೆ. ಲಕ್ಸರ್‌ನ ಹಾಸಿಗೆ ಖಾಲಿಯೇ ಉಳಿಯುತ್ತದೆ. ನನ್ನ ಮಾತು ಕೇಳುವುದಾದರೆ ಲಕ್ಸರ್‌ನಲ್ಲಿ ಕನಿಷ್ಠ ಎರಡು ರಾತ್ರಿ ಇರಿ. ಕರ್ನಾಕ್‌ನ 134 ಕಂಬಗಳ ಮಂಟಪವನ್ನು ಬಸ್ಸಿನ ಹಾರ್ನ್ ಕೇಳುತ್ತಾ ನೋಡಿ ಮುಗಿಸುವುದು ಅನ್ಯಾಯ.

ಇನ್ನು ಡಾಲರ್ ಮಾತು. ಈಜಿಪ್ಟಿಗೆ ಪ್ರವಾಸಿಗರು ಯಾಕೆ ಇಷ್ಟು ಬೇಕು ಅನ್ನುವುದಕ್ಕೆ ಉತ್ತರ ಇಲ್ಲಿದೆ. ಹತ್ತು ಕೋಟಿಗೂ ಮೀರಿದ ಜನ. ಬದುಕುವುದು ನೈಲ್ ಪಕ್ಕದ ಕಿರಿದಾದ ಹಸಿರು ಪಟ್ಟಿಯಲ್ಲಿ. ಹೊರಗಿನಿಂದ ಗೋಧಿ ತರಿಸುವುದರಲ್ಲಿ ಜಗತ್ತಿನಲ್ಲೇ ಮುಂದಿರುವ ದೇಶ. ಆ ಗೋಧಿಗೆ ಡಾಲರ್ ಕೊಡಬೇಕು. ಡಾಲರ್ ಬರುವ ದಾರಿಗಳು ಕೆಲವೇ. ಕೊಲ್ಲಿ ದೇಶಗಳಲ್ಲಿ ದುಡಿಯುವವರು ಕಳಿಸುವ ಹಣ, ರಫ್ತು, ಸೂಯೆಜ್ ಕಾಲುವೆ, ಪ್ರವಾಸಿಗರು. 2023ರಲ್ಲಿ ಸೂಯೆಜ್ ಕಾಲುವೆ ಸಾವಿರ ಕೋಟಿ ಡಾಲರ್ ದಾಟಿ ಗಳಿಸಿತ್ತು. ಯೆಮೆನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿ ಶುರು ಮಾಡಿದ ಮೇಲೆ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. 2024ರಲ್ಲಿ ಕಾಲುವೆಯ ಗಳಿಕೆ ಸುಮಾರು 400 ಕೋಟಿ ಡಾಲರ್‌ಗೆ ಕುಸಿಯಿತು. ಅದೇ ಹೊತ್ತಿನಲ್ಲಿ, ಅಂದರೆ 2024ರ ಜೂನ್‌ಗೆ ಮುಗಿದ ಹಣಕಾಸು ವರ್ಷದಲ್ಲಿ, ಪ್ರವಾಸಿಗರಿಂದ ಬಂದದ್ದು ಸುಮಾರು 1,440 ಕೋಟಿ ಡಾಲರ್. ಕಾಲುವೆ ಕೈಕೊಟ್ಟ ವರ್ಷ ದೇಶವನ್ನು ಎತ್ತಿ ಹಿಡಿದವರಲ್ಲಿ ಸನ್‌ಸ್ಕ್ರೀನ್ ಹಚ್ಚಿಕೊಂಡು ದೇವಾಲಯ ಸುತ್ತಿದವರೂ ಇದ್ದಾರೆ. ಇದನ್ನು ನನ್ನ ಗುಂಪಿನವರಿಗೆ ಹೇಳಿದಾಗ ಅವರು ನೇರವಾಗಿ ಕೂರುತ್ತಾರೆ.

ಆದರೆ ಡಾಲರ್ ಬಂದರೆ ಎಲ್ಲರೂ ಸುಖವಾಗಿದ್ದಾರೆ ಅಂತಲ್ಲ. 2016ರ ನವೆಂಬರ್‌ವರೆಗೆ ಒಂದು ಡಾಲರಿಗೆ ಒಂಬತ್ತು ಪೌಂಡಿಗಿಂತ ಕಡಿಮೆ ಇತ್ತು. ಆಮೇಲೆ ಒಂದೇ ಏಟಿಗೆ ಅರ್ಧ ಬೆಲೆ ಕಳೆದುಕೊಂಡಿತು. 2024ರ ಮಾರ್ಚ್ 6ರಂದು ಪೌಂಡಿನ ಬೆಲೆಯನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟರು. 31 ಇದ್ದದ್ದು 50ರ ಹತ್ತಿರ ಹೋಯಿತು. ನಮಗೆ ಒಳ್ಳೆಯದಾಯಿತು. ಅದೇ ಊಟ, ಅದೇ ಟ್ಯಾಕ್ಸಿ, ಕಡಿಮೆ ದುಡ್ಡು. ಅಲ್ಲಿನವರಿಗೆ? 2023ರ ಸೆಪ್ಟೆಂಬರ್‌ನಲ್ಲಿ ಬೆಲೆಗಳು ವರ್ಷದ ಹಿಂದಿಗಿಂತ ಶೇಕಡ 38ರಷ್ಟು ಏರಿದ್ದವು. ಸರ್ಕಾರ ಈರುಳ್ಳಿ ರಫ್ತನ್ನೇ ನಿಲ್ಲಿಸಬೇಕಾಯಿತು. ಮೂವತ್ತಕ್ಕೂ ಹೆಚ್ಚು ವರ್ಷದಿಂದ 5 ಪಿಯಾಸ್ಟರ್‌ಗೆ (ನೂರು ಪಿಯಾಸ್ಟರ್ ಅಂದರೆ ಒಂದು ಪೌಂಡ್) ಸಿಗುತ್ತಿದ್ದ ಪಡಿತರದ ರೊಟ್ಟಿ 2024ರ ಜೂನ್‌ನಿಂದ 20 ಪಿಯಾಸ್ಟರ್ ಆಯಿತು. ಈಗಲೂ ಅಗ್ಗವೇ. ಆದರೂ ರೊಟ್ಟಿಯ ಬೆಲೆ ಮುಟ್ಟುವುದು ಅಲ್ಲಿ ಎಷ್ಟು ದೊಡ್ಡ ಮಾತು ಅಂದರೆ, 1977ರಲ್ಲಿ ಸಬ್ಸಿಡಿ ಕಡಿತ ಮಾಡಿದಾಗ ಊರೂರು ಹೊತ್ತಿ ಉರಿದು ಸರ್ಕಾರ ಎರಡೇ ದಿನದಲ್ಲಿ ಹಿಂದೆ ಸರಿದಿತ್ತು.

ಅದಕ್ಕೇ ಬಕ್ಷೀಸ್ ಬಗ್ಗೆ ನಮ್ಮವರು ಗೊಣಗಿದಾಗ ನನಗೆ ಬೇಸರವಾಗುತ್ತದೆ. ಬಾತ್‌ರೂಮಿನಲ್ಲಿ ಟಿಶ್ಯೂ ಕೊಟ್ಟವನು, ಗೋರಿಯೊಳಗೆ ಟಾರ್ಚ್ ಬಿಟ್ಟು ಚಿತ್ರ ತೋರಿಸಿದ ಕಾವಲುಗಾರ, ಸೂಟ್‌ಕೇಸ್ ಎತ್ತಿದವನು, ಎಲ್ಲರೂ ಕೈ ಚಾಚುತ್ತಾರೆ, ನಿಜ. ಅವರ ಸಂಬಳ ಪೌಂಡಿನಲ್ಲಿ. ಸಂಬಳ ಏರಿದ್ದಕ್ಕಿಂತ ಬೆಲೆ ಏರಿದ್ದು ಜಾಸ್ತಿ. ಡಾಲರಿನ ಪಾಲು ಅವರಿಗೆ ತಲುಪುವ ದಾರಿ ಇದೊಂದೇ. ಪ್ರತಿಯೊಬ್ಬರೂ ಸಣ್ಣ ನೋಟು ಇಟ್ಟುಕೊಳ್ಳಿ ಅಂತ ನಾನು ಮೊದಲೇ ಹೇಳಿರುತ್ತೇನೆ. ದೋಣಿಯಲ್ಲಿ ಕೊನೆಯ ದಿನ ಒಂದು ಡಬ್ಬಿ ಇರುತ್ತದೆ, ಅದರಲ್ಲಿ ಹಾಕಿದ್ದು ಅಡುಗೆಯವರಿಗೂ ಎಂಜಿನ್ ಕೋಣೆಯವರಿಗೂ ಹಂಚಿಕೆಯಾಗುತ್ತದೆ. ನಾವು ಕಣ್ಣಲ್ಲಿ ಕಾಣದವರೂ ದುಡಿದಿರುತ್ತಾರಲ್ಲ. ಇನ್ನೊಂದು ವಿಷಯ. ಕೆಲವು ವ್ಯಾಪಾರಿಗಳು ಕೈತುಂಬ ಯೂರೋ ನಾಣ್ಯ ಹಿಡಿದು ಬಂದು ನೋಟು ಕೊಡುತ್ತೀರಾ ಅಂತ ಕೇಳುತ್ತಾರೆ. ಮೋಸ ಅಂತ ನಮ್ಮವರು ದೂರ ಸರಿಯುತ್ತಾರೆ. ಮೋಸವಲ್ಲ. ಅಲ್ಲಿ ನಾಣ್ಯವನ್ನು ಬದಲಾಯಿಸಿ ಕೊಡುವವರಿಲ್ಲ. ಯುರೋಪಿನವರು ಕೊಟ್ಟು ಹೋದ ನಾಣ್ಯ ಅವನ ಪಾಲಿಗೆ ಬರೀ ಲೋಹ. ನಿಮ್ಮ ಹತ್ತಿರ ಯೂರೋ ನೋಟಿದ್ದರೆ ಬದಲಾಯಿಸಿ ಕೊಡಿ.

ಅಲ್ಲಿನ ಒಂದು ನಿಯಮ ನನಗೆ ತುಂಬ ಇಷ್ಟ. ಕರ್ನಾಕ್ ಒಳಗೆ ನಾನು ಗುಂಪಿಗೆ ವಿವರಣೆ ಕೊಡುವ ಹಾಗಿಲ್ಲ. ಅದು ಲೈಸೆನ್ಸ್ ಪಡೆದ ಈಜಿಪ್ಟಿನ ಗೈಡ್‌ಗಳ ಹಕ್ಕು. ಅವರು ಕಾಲೇಜಿನಲ್ಲಿ ಇದನ್ನೇ ಓದಿ ಬಂದಿರುತ್ತಾರೆ, ಗೋಡೆಯ ಮೇಲಿನ ಚಿತ್ರಲಿಪಿ ಓದಿ ಹೇಳುತ್ತಾರೆ. ಅವರು ಹೇಳಿದ್ದನ್ನು ನಾನು ಆಮೇಲೆ ಬಸ್ಸಿನಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಊಟದ ಚಿಂತೆಯೂ ಬೇಡ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಉಪವಾಸ ಮಾಡುತ್ತಾರೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ಆ ಅಡುಗೆಗೆ ಸಿಯಾಮಿ ಅನ್ನುತ್ತಾರೆ. ‘ಸಿಯಾಮಿ ಕೊಡಿ’ ಅಂದರೆ ಅಡುಗೆಯವರಿಗೆ ತಕ್ಷಣ ಅರ್ಥವಾಗುತ್ತದೆ. ‘ವೆಜಿಟೇರಿಯನ್’ ಅಂದರೆ ಕೋಳಿ ಬಂದೀತು! ಕೊಶರಿ ಅಂತೂ ಇದ್ದೇ ಇದೆ. ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಹುರಿದ ಈರುಳ್ಳಿ, ಟೊಮೆಟೊ ಸಾರು. ನಮ್ಮ ಮೇಷ್ಟ್ರುಗಳು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಪ್ರವಾಸಿಗರಿಗಾಗಿ ಊರಿನವರು ತೆತ್ತದ್ದನ್ನೂ ಹೇಳಬೇಕು. ಲಕ್ಸರ್‌ನ ಪಶ್ಚಿಮ ದಂಡೆಯಲ್ಲಿ ಕುರ್ನಾ ಅನ್ನುವ ಹಳ್ಳಿಯಿತ್ತು. ಬೆಟ್ಟದ ಮೇಲೆ, ಹಳೆಯ ಗೋರಿಗಳ ನಡುವೆಯೇ ಮನೆಗಳು. ಹಜ್‌ಗೆ ಹೋಗಿ ಬಂದವರ ಮನೆ ಗೋಡೆಯ ಮೇಲೆ ಹಡಗು, ವಿಮಾನ, ಕಾಬಾದ ಬಣ್ಣದ ಚಿತ್ರಗಳು. ಗೋರಿಗಳಿಗೆ ಧಕ್ಕೆ ಅಂತ 1940ರ ದಶಕದಲ್ಲೇ ಅವರನ್ನು ಎಬ್ಬಿಸಲು ನೋಡಿದರು. ವಾಸ್ತುಶಿಲ್ಪಿ ಹಸನ್ ಫಾತಿ ಮಣ್ಣಿನ ಇಟ್ಟಿಗೆಯಲ್ಲಿ ಅವರಿಗಾಗಿ ಚೆಂದದ ಹೊಸ ಊರು ಕಟ್ಟಿದರು. ಹೆಚ್ಚಿನವರು ಹೋಗಲಿಲ್ಲ. ಬದುಕು ಬೆಟ್ಟದ ಮೇಲಿತ್ತು, ಪ್ರವಾಸಿಗರು ಅಲ್ಲಿಗೆ ಬರುತ್ತಿದ್ದರು. 2006ರ ನಂತರ ಬುಲ್ಡೋಜರ್ ಬಂತು. ಈಗ ಬೆಟ್ಟ ಬೋಳು. ಇದನ್ನು ಹೇಳಿದಾಗ ನಮ್ಮ ಬಳ್ಳಾರಿ, ಹೊಸಪೇಟೆ ಕಡೆಯವರು ತಾವಾಗಿಯೇ ಹಂಪಿ ಬಜಾರಿನ ಮಾತು ತೆಗೆಯುತ್ತಾರೆ. 2011ರ ಜುಲೈನಲ್ಲಿ ವಿರೂಪಾಕ್ಷನ ಎದುರಿನ ಬೀದಿಯ ಮನೆ, ಅಂಗಡಿಗಳನ್ನು ಕೆಡವಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಕಲ್ಲನ್ನು ಉಳಿಸಬೇಕು, ನಾನು ಒಪ್ಪುತ್ತೇನೆ. ಆದರೆ ಕಲ್ಲಿನ ಜೊತೆ ತಲೆಮಾರುಗಳಿಂದ ಬದುಕಿದವರನ್ನು ಹೊರಗೆ ಹಾಕಿ ಉಳಿಸಿದ ಜಾಗ ನನಗೆ ಪೂರ್ತಿ ಅನ್ನಿಸುವುದಿಲ್ಲ. ಅಸ್ವಾನ್ ಅಣೆಕಟ್ಟಿಗಾಗಿ ಅಬು ಸಿಂಬಲ್ ದೇವಾಲಯವನ್ನು 1964ರಿಂದ 1968ರವರೆಗೆ ಕತ್ತರಿಸಿ 65 ಮೀಟರ್ ಮೇಲಕ್ಕೆ ಎತ್ತಿದರು. ಜಗತ್ತೇ ದುಡ್ಡು ಕೊಟ್ಟಿತು. ಅದೇ ನೀರಿನಲ್ಲಿ ಮನೆ ಮುಳುಗಿದ ನೂಬಿಯಾದವರನ್ನು ಕೊಮ್ ಒಂಬೊ ಕಡೆ ಸಾಲು ಮನೆಗಳಿಗೆ ಕಳಿಸಿದರು. ಇವತ್ತು ಅಸ್ವಾನ್ ಎದುರಿನ ಗರ್ಬ್ ಸೊಹೇಲ್‌ನಲ್ಲಿ ನೂಬಿಯಾದವರು ನೀಲಿ, ಹಳದಿ ಬಳಿದ ತಮ್ಮ ಮನೆಗಳಿಗೆ ನಮ್ಮನ್ನು ಕರೆದು ದಾಸವಾಳದ ಚಹಾ ಕೊಟ್ಟು ದುಡಿಯುತ್ತಾರೆ. ಅಲ್ಲಿ ದುಡ್ಡು ನೇರವಾಗಿ ಮನೆಯ ಹೆಂಗಸರ ಕೈಗೆ ಹೋಗುವುದನ್ನು ನೋಡಿದ್ದೇನೆ. ಆ ಭೇಟಿಯನ್ನು ನಾನು ಯಾವ ಗುಂಪಿಗೂ ತಪ್ಪಿಸುವುದಿಲ್ಲ.

ಈಗ ಎಲ್ಲರ ಬಾಯಲ್ಲೂ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ. 2025ರ ನವೆಂಬರ್ 1ರಂದು ಗೀಜಾದಲ್ಲಿ ಅದ್ದೂರಿಯಾಗಿ ತೆರೆಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಎಳೆದ ಕೆಲಸ, ಜಪಾನಿನ ದೊಡ್ಡ ಸಾಲ. ಬಾಗಿಲಲ್ಲೇ ಎರಡನೇ ರಾಮ್ಸೆಸ್‌ನ ಬೃಹತ್ ವಿಗ್ರಹ. 1922ರಲ್ಲಿ ಹೊವರ್ಡ್ ಕಾರ್ಟರ್ ತೆರೆದ ಟುಟಾಂಖಾಮುನ್ ರಾಜನ ಗೋರಿಯ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಮೊದಲ ಸಲ ಒಂದೇ ಕಡೆ. ನೋಡಲೇಬೇಕು. ಇದರಿಂದ ಜನ ಕೈರೋದಲ್ಲಿ ಒಂದು ರಾತ್ರಿ ಹೆಚ್ಚು ಉಳಿಯುತ್ತಾರೆ. ವರ್ಷಕ್ಕೆ ಮೂರು ಕೋಟಿ ಪ್ರವಾಸಿಗರು ಬರಬೇಕು ಅನ್ನುವುದು ಸರ್ಕಾರದ ಗುರಿ. ನನ್ನ ಆತಂಕ ಒಂದೇ. ಪಿರಮಿಡ್, ಮ್ಯೂಸಿಯಂ ಎರಡೂ ಅಕ್ಕಪಕ್ಕ, ವಿಮಾನ ನಿಲ್ದಾಣವೂ ಹತ್ತಿರ. ‘ಈಜಿಪ್ಟ್ ನೋಡಿ ಆಯ್ತು’ ಅಂತ ಅಲ್ಲಿಂದಲೇ ವಾಪಸ್ ಹೋಗುವುದು ಇನ್ನು ಸುಲಭ.

ಗುಂಪುಗಳು ಇಳಿಯದೆ ದಾಟಿ ಹೋಗುವ ಜಾಗವೊಂದಿದೆ. ಅದರ ಬಗ್ಗೆ ನನಗೆ ಆಸೆ ಜಾಸ್ತಿ. ಕೈರೋದಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್, ಮಿನ್ಯಾ. ಬೆನಿ ಹಸನ್‌ನ ಗೋರಿಗಳಲ್ಲಿ ನಾಲ್ಕು ಸಾವಿರ ವರ್ಷದ ಹಿಂದಿನ ಕುಸ್ತಿಪಟುಗಳ ಸಾಲು ಸಾಲು ಚಿತ್ರಗಳಿವೆ. ಅಖೆನಾತೆನ್ ರಾಜ ಕಟ್ಟಿದ ರಾಜಧಾನಿ ಅಮರ್ನಾ ಅಲ್ಲಿದೆ. 1990ರ ದಶಕದ ಉಗ್ರರ ಹಾವಳಿಯಲ್ಲಿ ಈ ಸೀಮೆಗೆ ಕೆಟ್ಟ ಹೆಸರು ಬಂತು, ದೊಡ್ಡ ದೋಣಿಗಳು ಕೈರೋ–ಲಕ್ಸರ್ ದಾರಿ ಬಿಟ್ಟವು. ಪ್ರವಾಸಿಗರ ದುಡ್ಡು ಇಲ್ಲಿಗೆ ಇವತ್ತಿಗೂ ಸರಿಯಾಗಿ ಬರುತ್ತಿಲ್ಲ. ಈಜಿಪ್ಟಿನ ಬಡತನ ಹೆಚ್ಚಿರುವುದೂ ಈ ದಕ್ಷಿಣದ ಸೀಮೆಯಲ್ಲೇ.

ಇದೇ ಜಿಲ್ಲೆಯಲ್ಲಿ ಬಹ್ನಸಾ ಇದೆ, ಗ್ರೀಕರ ಕಾಲದ ಆಕ್ಸಿರಿಂಕಸ್. 1896ರಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷರು ಇಲ್ಲಿನ ತಿಪ್ಪೆಗುಡ್ಡಗಳನ್ನು ಅಗೆದು ರಾಶಿ ರಾಶಿ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಚೂರು ತೆಗೆದರು. ಅದರಲ್ಲಿ ಒಂದು, 1903ರಲ್ಲಿ 413ನೇ ಸಂಖ್ಯೆಯಾಗಿ ಅಚ್ಚಾಯಿತು. ಭಾರತದ ಕಡಲತೀರದಲ್ಲಿ ಸಿಕ್ಕಿಹಾಕಿಕೊಂಡ ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿಯ ಪ್ರಹಸನ. ಅಲ್ಲಿನ ರಾಜನಿಗೆ ಹೆಂಡ ಕುಡಿಸಿ ಅವಳನ್ನು ಹಡಗಿನಲ್ಲಿ ತಪ್ಪಿಸಿಕೊಂಡು ಹೋಗುತ್ತಾರೆ. ರಾಜ ಮತ್ತು ಅವನ ಕಡೆಯವರು ಆಡುವ ಮಾತು ಕನ್ನಡ ಅಂತ 1904ರಲ್ಲಿ ಜರ್ಮನಿಯ ವಿದ್ವಾಂಸ ಹುಲ್ಟ್ಷ್ ವಾದಿಸಿದರು. ಆಮೇಲೆ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ತುಳು ಅನ್ನುವವರಿದ್ದಾರೆ, ಎರಡೂ ಅಲ್ಲ ಅನ್ನುವವರೂ ಇದ್ದಾರೆ. ಆ ಚೂರು ಈಗ ಆಕ್ಸ್‌ಫರ್ಡ್‌ನಲ್ಲಿದೆ. ಆದರೆ ಅದು ಸಿಕ್ಕಿದ ಮಣ್ಣು ಇಲ್ಲಿದೆ. ಕನ್ನಡದವರ ಗುಂಪು ಈಜಿಪ್ಟಿಗೆ ಹೋಗಿ ಈ ಊರನ್ನು ನೋಡದೆ ಬರುವುದು ನನಗೆ ಸರಿ ಕಾಣುತ್ತಿಲ್ಲ.

ಅದಕ್ಕೇ ಈ ಸಲದ ಜನವರಿ ಗುಂಪಿಗೆ ಮಿನ್ಯಾದಲ್ಲಿ ಎರಡು ರಾತ್ರಿ ಹಾಕಿದ್ದೇನೆ. ಹೋಟೆಲ್ ಊರಿನವರದ್ದೇ, ನೈಲ್ ಪಕ್ಕದಲ್ಲಿದೆ. ಪೊಲೀಸ್ ಬೆಂಗಾವಲಿನ ಅನುಮತಿಗೆ ಅಲ್ಲಿನ ಗೈಡ್ ಓಡಾಡುತ್ತಿದ್ದಾರೆ, ಸಿಯಾಮಿ ಊಟಕ್ಕೂ ಹೇಳಿ ಆಗಿದೆ. ಬಸ್ಸಿನಲ್ಲಿ ಇನ್ನೂ ಕೆಲವು ಸೀಟು ಉಳಿದಿವೆ. ಬರುವವರು ಗಟ್ಟಿ ಶೂ ತನ್ನಿ, ಬೆನಿ ಹಸನ್‌ಗೆ ಮೆಟ್ಟಿಲು ಜಾಸ್ತಿ. ಸಣ್ಣ ನೋಟುಗಳನ್ನು ನಾನು ಕೈರೋದಲ್ಲೇ ಮಾಡಿಸಿ ಕೊಡುತ್ತೇನೆ.